ಚಂದ್ರಿ ತಿಟ್ಟಿನಲ್ಲಿದ್ದಾಳೆ

ಮೈಸೂರಿನಲ್ಲಿ ಯಾರನ್ನು ಬೇಕಾದರೂ ದಾರಿ ಕೇಳಿ ನೋಡಿ, 'ಗೊತ್ತಿಲ್ಲ' ಎಂದು ಮಾತ್ರ ಹೇಳುವುದಿಲ್ಲ. ಗೊತ್ತಿಲ್ಲದಿದ್ದರೂ ಯಾವುದಾದರೊಂದು ದಾರಿ ತೋರಿಸಿಯೇ ಕಳಿಸುತ್ತೇವೆ. ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ದಾಕ್ಷಿಣ್ಯ ನಮ್ಮದು. ಊರಿನ ಹೆಸರುಗಳ ವಿಷಯದಲ್ಲೂ ಇದೇ ಕಥೆ. ಈ ಕಟ್ಟೆಗೆ ಈ ಹೆಸರು ಯಾಕೆ, ಆ ಮರಕ್ಕೆ ಆ ಹೆಸರು ಯಾಕೆ ಎಂದು ಯಾರಾದರೂ ಕೇಳಿದರೆ ಗಂಟಲು ಸರಿಮಾಡಿಕೊಂಡು 'ಮಹಾರಾಜರ ಕಾಲದಲ್ಲಿ...' ಎಂದು ಶುರು ಮಾಡುತ್ತೇವೆ. ಅಷ್ಟು ಹೇಳಿದರೆ ಸಾಕು, ಮುಂದಿನದು ತಾನಾಗಿಯೇ ಬರುತ್ತದೆ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆ. ನಡೆಯುತ್ತಿದ್ದೆ ಎಂದರೆ ಡಾಕ್ಟರು ಹೇಳಿದ ವೇಗದಲ್ಲಲ್ಲ. ಅಲ್ಲಲ್ಲಿ ನಿಂತು ನೀರುಕೋಳಿ ನೋಡುತ್ತಾ, ಯಾರಾದರೂ ಗುರುತಿನವರು ಕಂಡರೆ ಹದಿನೈದು ನಿಮಿಷ ಮಾತಾಡುತ್ತಾ ಸಾಗುವ ನನ್ನದೇ ವೇಗದಲ್ಲಿ. ವಿಜಯನಗರದ ಬಡಾವಣೆಗಳು ಮುಗಿದು ಹೂಟಗಳ್ಳಿಯ ಫ್ಯಾಕ್ಟರಿಗಳು ಇನ್ನೂ ಶುರುವಾಗದ ನಡುವಿನ ಜಾಗದಲ್ಲಿ ಈ ಕೆರೆ ಇದೆ. ಅದಕ್ಕೂ ಒಂದು ಹೆಸರಿದೆ, ಆದರೆ ನಾವು ಯಾರೂ ಅದನ್ನು ಬಳಸುವುದಿಲ್ಲ, ಕೆರೆ ಅಂದರೆ ಈ ಕೆರೆಯೇ. ಕೆರೆಯ ಮಧ್ಯದಲ್ಲಿ ಒಂದು ಪುಟ್ಟ ನಡುಗಡ್ಡೆ. ನಾಲ್ಕು ಜಾಲಿಮರ, ಒಂದಿಷ್ಟು ಹುಲ್ಲು, ಮರದ ತುಂಬ ಬೆಳ್ಳಕ್ಕಿ. ಅದನ್ನು ಎಲ್ಲರೂ ಚಂದ್ರಿ ತಿಟ್ಟು ಎನ್ನುತ್ತಾರೆ.

ಅವತ್ತು ನೀಲಿ ಅಂಗಿ ತೊಟ್ಟ ಒಬ್ಬ ಯುವಕ ಬೈಕು ನಿಲ್ಲಿಸಿ ನನ್ನ ಹತ್ತಿರ ಬಂದ. ಹೂಟಗಳ್ಳಿಯ ಯಾವುದೋ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಮನೆಗೆ ಹೊರಟವನು.

"ಮೇಡಂ, ಮೊಬೈಲ್ ಮ್ಯಾಪಲ್ಲಿ ಇದ್ಕೆ ಚಂದ್ರಿ ತಿಟ್ಟು ಅಂತ ತೋರಿಸ್ತದೆ. ಯಾರು ಮೇಡಂ ಈ ಚಂದ್ರಿ?"

'ಮಹಾರಾಜರ ಕಾಲದಲ್ಲಿ' ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹಾಗೇ ನುಂಗಿಕೊಂಡು, ಜೀವನದಲ್ಲಿ ಅಪರೂಪಕ್ಕೆ, "ಗೊತ್ತಿಲ್ಲಪ್ಪ, ತಿಳ್ಕೊಂಡು ಹೇಳ್ತೀನಿ" ಎಂದೆ. ಅವನು ಮೊಬೈಲು ತೋರಿಸಿದ. ಮ್ಯಾಪಿನಲ್ಲಿ ಯಾರೋ ತಿಟ್ಟಿಗೆ ನಾಲ್ಕೂವರೆ ನಕ್ಷತ್ರ ಕೊಟ್ಟಿದ್ದರು. ಕಾಲಿಡಲು ದೋಣಿಯೂ ಇಲ್ಲದ ಜಾಗಕ್ಕೆ ಅರ್ಧ ನಕ್ಷತ್ರ ಕಡಿಮೆ ಯಾಕಾಯಿತು ಎಂದು ಮನೆ ತಲುಪುವವರೆಗೂ ಯೋಚಿಸಿದೆ.

ನಾನು ಹಾಗೆ ಉತ್ತರ ನುಂಗಿಕೊಂಡದ್ದಕ್ಕೆ ಕಾರಣವಿತ್ತು. ನಮ್ಮ ವಾಕಿಂಗ್ ಗುಂಪಿನ ಹಿರಿಯರು ಶ್ರೀಕಂಠಯ್ಯನವರು, ನಿವೃತ್ತ ಇಂಜಿನಿಯರು. ಅವರ ತಂದೆ, ತಾತ ಎಲ್ಲ ಅರಮನೆಯ ಸೇವೆಯಲ್ಲಿದ್ದವರು. ಕೆರೆ ದಂಡೆಯಲ್ಲಿ ತಿಟ್ಟಿನ ಬಗ್ಗೆ ಒಂದು ಬೋರ್ಡು ಹಾಕಿಸಬೇಕೆಂದು ಅವರು ಓಡಾಡಿ ಒಪ್ಪಿಗೆ ತಂದಿದ್ದರು. ನಾನು ಪತ್ರಿಕೆಗಳಿಗೆ ಆಗಾಗ ಏನಾದರೂ ಗೀಚುತ್ತೇನೆ ಎಂಬ ತಪ್ಪಿಗೆ ಬೋರ್ಡಿನ ನಾಲ್ಕು ಸಾಲು ಬರೆಯುವ ಕೆಲಸ ನನ್ನ ಪಾಲಿಗೆ ಬಿದ್ದಿತ್ತು. ಶ್ರೀಕಂಠಯ್ಯನವರ ಬಳಿ ವಿಷಯ ಸಿದ್ಧವಾಗಿಯೇ ಇತ್ತು. ಚಂದ್ರಿ ಎಂದರೆ ಚಂದ್ರಾವತಿ ಅಮ್ಮಣ್ಣಿಯವರು, ರಾಜಮನೆತನದ ಕಿರಿಯ ರಾಣಿ, ಹುಣ್ಣಿಮೆಯ ದಿನ ದೋಣಿಯಲ್ಲಿ ತಿಟ್ಟಿಗೆ ಬಂದು ಕೂರುತ್ತಿದ್ದರು ಎಂದು ಅವರ ವಾದ.

"ಯಾವ ಪುಸ್ತಕದಲ್ಲಿದೆ ಸಾರ್?" ಎಂದು ಕೇಳಿದ್ದೆ.

"ಪುಸ್ತಕ ಯಾಕೆ ಬೇಕು ಕಣ್ರೀ? ಚಿಕ್ಕಂದಿನಿಂದ ನಮ್ಮನೇಲಿ ಆ ಹೆಸರು ಕೇಳ್ಕೊಂಡೇ ಬೆಳೆದೋನು ನಾನು" ಎಂದಿದ್ದರು.

ಗುಂಪಿನಲ್ಲಿ ಬೇರೆ ವಾದಗಳೂ ಇದ್ದವು. ಏರಿಯ ಮೇಲಿನಿಂದ ನೋಡಿದರೆ ತಿಟ್ಟು ಅರ್ಧಚಂದ್ರನ ಹಾಗೆ ಕಾಣುತ್ತದೆ ಎಂದು ಒಬ್ಬರು. ನನಗಂತೂ ಅದು ಯಾವ ಕಡೆಯಿಂದ ನೋಡಿದರೂ ಯಾರೋ ಅರ್ಧ ತಿಂದು ಬಿಟ್ಟ ಮದ್ದೂರು ವಡೆಯ ಹಾಗೇ ಕಂಡಿದೆ.

ನನ್ನ ಸಮಸ್ಯೆ ಬೇರೆ. ಚಂದ್ರಿ ಎಂಬ ಒಬ್ಬಳನ್ನು ನಾನು ಚೆನ್ನಾಗಿ ಬಲ್ಲೆ. ಅವಳು ನಮ್ಮ ಮನೆಯ ಎಮ್ಮೆ.

ಜಯಲಕ್ಷ್ಮಿಪುರಂನಲ್ಲಿದ್ದ ನಮ್ಮ ಹಳೆಯ ಮನೆಯ ಹಿತ್ತಿಲಲ್ಲಿ, ಸೀಬೆಮರದ ಪಕ್ಕದ ಕೊಟ್ಟಿಗೆಯಲ್ಲಿ ಅವಳಿದ್ದಳು. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ಒಂದು ಬಿಳಿ ಮಚ್ಚೆ. ಆಗ ವಿಜಯನಗರ ಇರಲಿಲ್ಲ, ಹೊಲಗಳಿದ್ದವು. ಬೆಳಿಗ್ಗೆ ಹಾಲು ಕರೆದ ಮೇಲೆ ನಮ್ಮ ಸೋದರತ್ತೆ ನಂಜತ್ತೆ ಚಂದ್ರಿಯನ್ನು ಹೊಡೆದುಕೊಂಡು ಈ ಕೆರೆಯ ಕಡೆಗೆ ಹೋಗುತ್ತಿದ್ದರು. ಅವಳು ನೀರಿಗಿಳಿದು ತಿಟ್ಟಿಗೆ ಈಜಿ ಅಲ್ಲೇ ಮೇಯ್ದುಕೊಂಡಿರುತ್ತಿದ್ದಳು. ಮಧ್ಯಾಹ್ನ ಅತ್ತೆ ಬಕೆಟ್ಟಿನಲ್ಲಿ ಬೂಸಾ ಕಲಸಿಕೊಂಡು ಹೋಗಿ, ಹಾಲು ಅಳೆಯುವ ಹಿತ್ತಾಳೆ ಪಾವಿನಿಂದ ಬಕೆಟ್ಟಿನ ಅಂಚಿಗೆ ಟಣಟಣ ಬಡಿದರೆ ವಾಪಸು ಬರುವಳು. ಮನಸ್ಸಿದ್ದರೆ ಬರುವಳು. ಇಲ್ಲದಿದ್ದರೆ ಅತ್ತೆ ಬಡಿಯುತ್ತಾ ನಿಂತಿರಬೇಕು.

ಅವಳು ಬರದಿದ್ದರೆ ಕಷ್ಟಕ್ಕೆ ಬೀಳುತ್ತಿದ್ದುದು ನಮ್ಮ ಬೀದಿ. ಮೈಸೂರಿನವರು ಏನನ್ನು ಬೇಕಾದರೂ ತಡೆದುಕೊಂಡಾರು, ಮಧ್ಯಾಹ್ನದ ಕಾಫಿ ತಡವಾದರೆ ತಡೆದುಕೊಳ್ಳಲಾರರು. ಡಿಕಾಕ್ಷನ್ ಇಳಿದು ತಣ್ಣಗಾಗುತ್ತಿರುತ್ತಿತ್ತು, ಹಾಲಿಲ್ಲ. ಮನೆಮನೆಯಿಂದ ಚೊಂಬು ಹಿಡಿದು ಬಂದವರಿಗೆ ನಮ್ಮಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಮಾತು ಒಂದೇ: "ಚಂದ್ರಿ ತಿಟ್ಟಿನಲ್ಲಿದಾಳೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ."

ಹಿತ್ತಿಲ ಬಾಗಿಲು ಎಂದೆನಲ್ಲ, ಅದನ್ನು ಸ್ವಲ್ಪ ವಿವರಿಸಬೇಕು. ನಮ್ಮ ತಾತ ಅರಮನೆಯಲ್ಲಿ ಪುರಾಣ ಓದುತ್ತಿದ್ದವರು. ಅಪ್ಪ ಪಾಠಶಾಲೆಯಲ್ಲಿ ಸಂಸ್ಕೃತ ಪಂಡಿತರು. ಅಂಥ ಮನೆಯಲ್ಲಿ ಹಾಲು ಮಾರುವುದೆಂದರೇನು? ಹಾಗಾಗಿ ನಮ್ಮ ಮನೆಯಲ್ಲಿ ಹಾಲು ಮಾರುತ್ತಿರಲಿಲ್ಲ, 'ಕೊಡುತ್ತಿದ್ದೆವು'. ತೆಗೆದುಕೊಂಡು ಹೋಗುವವರೂ ಕೊಳ್ಳುತ್ತಿರಲಿಲ್ಲ, 'ಇಸ್ಕೊಂಡು' ಹೋಗುತ್ತಿದ್ದರು. ಮುಂಬಾಗಿಲಿಗೆ ಚೊಂಬು ಹಿಡಿದು ಯಾರೂ ಬರಕೂಡದು. ಯಾರಾದರೂ ಅಪ್ಪನ ಎದುರಿಗೇ ವಿಷಯ ಎತ್ತಿದರೆ ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ನಮ್ಮ ತಂಗಿಗೆ ಗೋಸೇವೆ ಅಂದ್ರೆ ಬಹಳ ಶ್ರದ್ಧೆ" ಎನ್ನುತ್ತಿದ್ದರು. ಎಮ್ಮೆಯ ಸೇವೆ ಗೋಸೇವೆ ಹೇಗಾಗುತ್ತದೆ ಎಂದು ಕೇಳುವ ಧೈರ್ಯ ಯಾವ ಶಿಷ್ಯನಿಗೂ ಇರಲಿಲ್ಲ.

ನಿಜ ಹೇಳಬೇಕೆಂದರೆ ಪಾಠಶಾಲೆಯ ಸಂಬಳ ಬರುವುದೇ ಅಪರೂಪ. ನಾವು ಮೂವರು ಹೆಣ್ಣುಮಕ್ಕಳು ಓದಿದ್ದು, ಉಂಡಿದ್ದು, ಹಬ್ಬಕ್ಕೆ ಹೊಸ ಲಂಗ ಉಟ್ಟಿದ್ದು ಎಲ್ಲ ಚಂದ್ರಿಯಿಂದ, ನಂಜತ್ತೆಯಿಂದ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆಮೇಲೆ ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಊರೂರು ವರ್ಗವಾಗಿ ಸುತ್ತಿ, ನಿವೃತ್ತಿಯಾದ ಮೇಲೆ ವಿಜಯನಗರಕ್ಕೆ ಬಂದು ನೆಲೆಸಿದೆ. ಎಂಬತ್ತೈದು ದಾಟಿದ ನಂಜತ್ತೆ ಈಗ ನನ್ನ ಜೊತೆಗೇ ಇದ್ದಾರೆ. ಚಂದ್ರಿ ಹೋಗಿ ಎಷ್ಟೋ ಕಾಲವಾಯಿತು. ಬಂದ ಹೊಸದರಲ್ಲಿ ಕೆರೆಯ ಬಳಿ 'ಚಂದ್ರಿ ತಿಟ್ಟು' ಎಂಬ ಮಾತು ಕಿವಿಗೆ ಬಿದ್ದಾಗ ಬೆರಗಾದೆ. ಹೆಸರು ನಮ್ಮ ಎಮ್ಮೆಯದೇ ಎಂದು ಖಾತ್ರಿ ಮಾತ್ರ ಇರಲಿಲ್ಲ. ತಿಟ್ಟಿಗೆ ಮೊದಲಿನಿಂದಲೂ ಆ ಹೆಸರಿದ್ದು, ಅಲ್ಲಿ ಮೇಯುವವಳೆಂದು ಎಮ್ಮೆಗೆ ಅದನ್ನು ಇಟ್ಟಿರಬಹುದಲ್ಲ? ಯಾವುದು ಮೊದಲು? ಬೋರ್ಡಿನ ಮಾತು ಬಂದಮೇಲಂತೂ ಈ ಪ್ರಶ್ನೆ ನನ್ನನ್ನು ಕೂರಲು ನಿಲ್ಲಲು ಬಿಡಲಿಲ್ಲ.

ಕೇಳಬೇಕಾದವರು ಒಬ್ಬರೇ. ಅವತ್ತು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೆನೆಹಾಕಿದ ಅವರೆಕಾಳು ಹಿದುಕುತ್ತಿದ್ದರು. ನಾನೂ ಒಂದು ಬಟ್ಟಲು ಹಿಡಿದು ಪಕ್ಕದಲ್ಲಿ ಕುಳಿತೆ.

"ಅತ್ತೆ, ತಿಟ್ಟಿನ ಹೆಸರು ಎಮ್ಮೆಗಿಟ್ರಾ, ಎಮ್ಮೆ ಹೆಸರು ತಿಟ್ಟಿಗೆ ಬಂತಾ?"

"ಯಾವ ತಿಟ್ಟು?"

"ಕೆರೆ ತಿಟ್ಟು."

"ಯಾವ ಎಮ್ಮೆ?"

"ಅತ್ತೆ..."

"ಕಾಳು ಹಿದುಕು ಪುಟ್ಟಿ. ಬಾಯಿ ಆಡಿಸ್ತಾ ಕೂತ್ರೆ ಮಧ್ಯಾಹ್ನಕ್ಕೆ ಸಾರಾಗಲ್ಲ."

ಅರವತ್ತು ದಾಟಿದ ನಾನು ಅತ್ತೆಗೆ ಇನ್ನೂ ಪುಟ್ಟಿಯೇ. ಸುಮ್ಮನೆ ಕಾಳು ಹಿದುಕಿದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು.

"ಈಗ್ಯಾಕೆ ನಿಂಗೆ ಅದು?"

"ಬೋರ್ಡು ಹಾಕಿಸ್ತಾರಂತೆ. ನಾಲ್ಕು ಸಾಲು ಬರ್ಕೊಡಿ ಅಂದಿದಾರೆ. ನಿಮ್ಮ ಎಮ್ಮೆಯಿಂದ ಬಂದ ಹೆಸರು ಅಂತ ಬರೀಬೇಕು ಅಂತಿದೀನಿ."

ಅತ್ತೆಯ ಕೈ ನಿಂತಿತು. "ಬೇಡ. ನಿಮ್ಮಪ್ಪನ ಹತ್ರ ಪಾಠ ಹೇಳಿಸ್ಕೊಂಡೋರು ಇನ್ನೂ ಊರಲ್ಲಿದಾರೆ. ಪಂಡಿತರ ಮನೇಲಿ ಹಿಂಗ್ಹಿಂಗೆ ಮಾಡ್ತಿದ್ರು ಅಂತ ಕೆರೆ ದಂಡೇಲಿ ಬೋರ್ಡು ಹಾಕಿಸ್ತೀಯಾ?"

ಹಿಂಗ್ಹಿಂಗೆ. ಹಾಲು ಮಾರುವುದು ಎಂಬ ಮಾತು ಇವತ್ತಿಗೂ ಅತ್ತೆಯ ಬಾಯಿಂದ ಹೊರಡಲಿಲ್ಲ. ಅಪ್ಪ ಹೋಗಿ ಇಷ್ಟು ವರ್ಷವಾದರೂ ಅವರ ಮರ್ಯಾದೆಯನ್ನು ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು ಕಾಯುತ್ತಲೇ ಇದ್ದರು. ನನಗೆ ಅಪ್ಪನ ಮೇಲೆ ಕೋಪ ಬಂತು. ಒಂದೇ ಒಂದು ಸಲ ಅವರು ಮುಂಬಾಗಿಲಲ್ಲಿ ನಿಂತು, 'ನಮ್ಮ ತಂಗಿ ದುಡಿದು ಈ ಮನೆ ನಡೆಸ್ತಿದಾಳೆ' ಎಂದಿದ್ದರೆ ಸಂಸ್ಕೃತಕ್ಕೆ ಏನು ಕೊರತೆಯಾಗುತ್ತಿತ್ತು? ಆದರೆ ಸತ್ತವರ ಜೊತೆ ಜಗಳವಾಡಿದರೆ ಗೆಲ್ಲುವುದು ಅವರೇ.

ಮಾರನೆಯ ದಿನ ಬಿಸಿಲಿಗೆ ಕಾಲು ಚಾಚಿಕೊಂಡು ಕುಳಿತಿದ್ದಾಗ, ನಾನು ಏನೂ ಕೇಳದೆ, ಅತ್ತೆ ತಾವಾಗಿಯೇ ಶುರು ಮಾಡಿದರು.

"ಬರಿಯಲ್ಲ ಅಂದ್ರೆ ಹೇಳ್ತೀನಿ."

"ನಿಮ್ಮನ್ನ ಕೇಳ್ದೆ ಒಂದಕ್ಷರ ಬರಿಯಲ್ಲ."

"ನಿಮ್ಮ ಮಾವ ಹೋದ್ರಲ್ಲ, ಆಗ ನಂಗೆ ಇಪ್ಪತ್ತೂ ತುಂಬಿರ್ಲಿಲ್ಲ. ತವರಿಗೆ ಹೊರಡೋ ದಿನ ಮೈದುನ ಕೇಳ್ದ, ಅತ್ತಿಗೆ, ಏನು ಬೇಕೋ ತಗೊಂಡ್ಹೋಗಿ ಅಂತ. ಒಡವೆ ಕೇಳ್ತೀನಿ ಅನ್ಕೊಂಡಿದ್ರೋ ಏನೋ. ನಾನು ಎಮ್ಮೆಗರು ತೋರಿಸ್ದೆ. ಎಲ್ರೂ ನಕ್ರು. ಅದರ ತಾಯಿ ಸತ್ತಿತ್ತು ಕಣೇ, ನಾನೇ ಗಂಜಿ ಕುಡಿಸಿ ಬೆಳೆಸಿದ್ದೆ. ಹಣೆ ಮೇಲೆ ಬೆಳ್ಳಗಿತ್ತಲ್ಲ, ಚಂದ್ರಿ ಅಂತ ಅವತ್ತೇ ಹೆಸರಿಟ್ಟಿದ್ದೆ."

ಮೊದಲಿದ್ದದ್ದು ಎಮ್ಮೆ. ನನ್ನ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅತ್ತೆ ಮುಂದುವರಿಸಿದರು.

"ಬಸ್ಸಿಗೆ ಕರು ಹತ್ತಿಸಲ್ಲ ಅಂದ್ರು. ಇಲವಾಲದ ಆಚೆಯಿಂದ ನಡ್ಕೊಂಡೇ ಬಂದೆ. ಈ ಕೆರೆ ಹತ್ರ ಬಂದಾಗ ಹಗ್ಗ ಕಿತ್ಕೊಂಡು ನೀರಿಗೆ ಹೋಗೇಬಿಟ್ಲು. ಸೀದಾ ತಿಟ್ಟಿಗೆ. ಕರೆದ್ರೂ ಬರ್ಲಿಲ್ಲ. ಏರಿ ಮೇಲೆ ಕೂತು ಅಳ್ತಾ ಇದ್ದೆ ನಾನು. ನಮ್ಮಣ್ಣ ಬಾಗಿಲು ತೆಗೀತಾನೆ, ಅದು ಗೊತ್ತಿತ್ತು. ತೆಗೆದ ಮೇಲೆ ಎಷ್ಟು ದಿನ ಇಟ್ಕೋತಾನೆ ಅನ್ನೋದು ಗೊತ್ತಿರ್ಲಿಲ್ಲ. ಇವಳು ನೋಡಿದ್ರೆ ತಿಟ್ಟಿನ ಮೇಲೆ ನಿಂತು, ಹುಟ್ಟಿದಾಗಿನಿಂದ ಅಲ್ಲೇ ಇದ್ದೋಳ ಹಾಗೆ ಹುಲ್ಲು ಮೇಯ್ತಿದಾಳೆ. ನೋಡ್ತಾ ನೋಡ್ತಾ ನನ್ನ ಅಳು ನಿಂತ್ಹೋಯ್ತು. ತಾಯಿ ಇಲ್ದಿರೋ ಕರು, ಅದಕ್ಕೇ ಹೊಸ ಜಾಗ ಅಂತ ಭಯ ಇಲ್ಲ, ನಂಗ್ಯಾಕೆ ಅನ್ನಿಸ್ತು. ಸಂಜೆ ಹೊತ್ತಿಗೆ ಅವಳೇ ಬಂದ್ಲು. ಮನೆ ಮುಟ್ಟಿದಾಗ ಅಣ್ಣ, ಯಾಕೆ ಇಷ್ಟು ತಡ ಅಂದ. ಚಂದ್ರಿ ತಿಟ್ಟಿಗೆ ಹೋಗ್ಬಿಟ್ಟಿದ್ಲು ಅಂದೆ. ಅದೇ ಮೊದಲು ನೋಡು."

ಅಷ್ಟು ಹೇಳಿ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಅದು ಬೀದಿಯ ಮಾತಾಯಿತು. ಬೀದಿಯವರಲ್ಲಿ ಎಷ್ಟೋ ಜನ ಮುಂದೆ ವಿಜಯನಗರದಲ್ಲಿ ಸೈಟು ತೆಗೆದುಕೊಂಡು ಬಂದಾಗ ಪಾತ್ರೆಪಗಡದ ಜೊತೆಗೆ ಆ ಮಾತನ್ನೂ ತಂದಿರಬೇಕು. ಇಷ್ಟು ಚೆಂದದ ಮೂಲವನ್ನು ಕೈಯಲ್ಲಿಟ್ಟುಕೊಂಡು ನಾನು ಬರೆಯುವಂತಿರಲಿಲ್ಲ. ನಾಲ್ಕು ಸಾಲು ಬರೆಯಲು ಕೂತರೆ ನಾಲ್ಕು ದಿನವೂ ಹಾಳೆ ಖಾಲಿ.

ಐದನೆಯ ದಿನ ಶ್ರೀಕಂಠಯ್ಯನವರೇ ಮನೆಗೆ ಬಂದರು. ಸೋಫಾದಲ್ಲಿ ಕುಳಿತು, "ಆಯ್ತೇನ್ರೀ? ಪೇಂಟರು ಕಾಯ್ತಿದಾನೆ. ಚಂದ್ರಾವತಿ ಅಮ್ಮಣ್ಣಿಯವರು ಅನ್ನೋದನ್ನ ಸ್ವಲ್ಪ ದಪ್ಪಕ್ಷರದಲ್ಲೇ ಹಾಕ್ಸೋಣ" ಎಂದರು. ನಾನು ತೊದಲುತ್ತಿದ್ದೆ. ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದು ಅವರ ಮುಖವನ್ನೇ ನೋಡಿದರು.

"ನೀನು ಜಯಲಕ್ಷ್ಮಿಪುರಂ ಮೂರನೇ ಕ್ರಾಸಿನ ಸುಬ್ಬಲಕ್ಷ್ಮಮ್ಮನ ಮಗ ಅಲ್ವೇನಪ್ಪ?"

ಶ್ರೀಕಂಠಯ್ಯನವರು ಎದ್ದು ನಿಂತರು. "ಹೌದಮ್ಮ. ತಾವು?"

"ಚೊಂಬು ಹಿಡ್ಕೊಂಡು ನಿಮ್ಮಕ್ಕ ಬರ್ತಿದ್ಲು. ನೀನು ಚಿಕ್ಕೋನು, ನೀನು ಬರ್ತಿರ್ಲಿಲ್ಲ. ಯಾವ ರಾಣಿಯಪ್ಪ ಅದು, ನೀನು ಹೇಳೋದು?"

ಅವರು ಮತ್ತೆ ಕುಳಿತು, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. "ನಮ್ಮ ತಂದೆ ಅರಮನೆ ಕೆಲಸದೋರು ಅಮ್ಮ. ಯಾರಿಗೂ ಕಾಯ್ದೋರಲ್ಲ. ಕಾಫಿ ಒಂದು ನಿಮಿಷ ಆಚೀಚೆ ಆದ್ರೆ ಮನೆ ಹಾರಿಹೋಗೋ ಹಾಗೆ ಕೂಗೋರು. ಕೆಲವು ದಿನ ಮಾತ್ರ ನಮ್ಮಮ್ಮ ಅಡುಗೆಮನೆಯಿಂದ, ಚಂದ್ರಿ ಇನ್ನೂ ತಿಟ್ಟಿನಲ್ಲಿದಾಳಂತೆ ಅನ್ನೋಳು. ಅಷ್ಟಂದ್ರೆ ಸಾಕು, ನಮ್ಮ ತಂದೆ ಉಸಿರೆತ್ತದೆ ಕಾಯೋರು. ಅಂಥೋರನ್ನ, ಇಡೀ ಬೀದೀನ ಕಾಯಿಸೋಳು ರಾಣಿ ಅಲ್ದೆ ಇನ್ಯಾರಾಗಿರ್ತಾಳೆ ಹೇಳಿ?"

ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಭುಜ ಕುಲುಕುತ್ತಿತ್ತು. ಅವರು ಅಷ್ಟು ನಕ್ಕಿದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು.

"ಎಮ್ಮೆ ಕಣಪ್ಪ ಅದು" ಎಂದರು. "ನೀನು ಬೆಳೆದಿದ್ದೆಲ್ಲ ಅದರ ಹಾಲಲ್ಲೇ."

ಶ್ರೀಕಂಠಯ್ಯನವರು ಸೋಫಾದ ಅಂಚಿಗೆ ಸರಿದು ಕುಳಿತರು. ಅರವತ್ತು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದ ರಾಣಿಯನ್ನು ಇಳಿಸುವುದು ಸುಲಭವೇ? ಕೊನೆಗೆ, "ನಿಮ್ಮ ಮನೇದೇನಮ್ಮ?" ಎಂದು ಮೆಲ್ಲಗೆ ಕೇಳಿದರು. ಅತ್ತೆ ಕಾಫಿಗೆ ಹೇಳಿ ಒಳಗೆ ಹೊರಟರು. ಬಾಗಿಲ ಬಳಿ ನಿಂತು ನನಗೆ, "ಎಮ್ಮೆ ಅಂತ ಬೇಕಾದ್ರೆ ಬರಿ. ಯಾರ ಮನೇದು ಅಂತ ಬೇಡ" ಎಂದರು. ನಾವಿಬ್ಬರೂ ಮಾತು ಕೊಟ್ಟೆವು.

ಹಾಗೆ ಬೋರ್ಡು ಬಂತು. ಹಸಿರು ಬಣ್ಣದ ಹಲಗೆಯ ಮೇಲೆ ಬಿಳಿ ಅಕ್ಷರ: 'ಚಂದ್ರಿ ತಿಟ್ಟು. ಹಿಂದೆ ಈ ತಿಟ್ಟಿಗೆ ಈಜಿಕೊಂಡು ಹೋಗಿ ಮೇಯುತ್ತಿದ್ದ, ಚಂದ್ರಿ ಎಂಬ ಎಮ್ಮೆಯಿಂದ ಈ ಹೆಸರು ಬಂದಿದೆ.' ಗುಂಪಿನಲ್ಲಿ ಕೆಲವರಿಗೆ ಬೇಸರವಾಯಿತು. ಎಮ್ಮೆ ಅಂದರೆ ಅಷ್ಟು ಚೆನ್ನಾಗಿರೋಲ್ಲ, ಕೊನೆಗೆ ಹಸು ಅಂತಾದರೂ ಹಾಕಿ ಎಂದರು. ಶ್ರೀಕಂಠಯ್ಯನವರು ಒಪ್ಪಲಿಲ್ಲ. ನನಗೆ ಮಾತ್ರ ಬೋರ್ಡು ನೋಡಿದಾಗಲೆಲ್ಲ ಅರ್ಧವೇ ಬರೆದಂತೆ ಅನ್ನಿಸುತ್ತಿತ್ತು. ಒಂದು ಎಮ್ಮೆ ತಾನಾಗಿಯೇ ಹುಟ್ಟಿ, ತಾನಾಗಿಯೇ ಮೇಯ್ದು, ತಾನಾಗಿಯೇ ಹೋದ ಹಾಗಿತ್ತು. ಏರಿಯ ಮೇಲೆ ಕೂತು ಅತ್ತವರು, ಬಿಸಿಲಲ್ಲಿ ನಿಂತು ಬಕೆಟ್ಟು ಬಡಿದವರು ಅದರಲ್ಲಿ ಎಲ್ಲೂ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅತ್ತೆಯೇ, "ನೋಡ್ಕೊಂಡು ಬರೋಣ ನಡಿ" ಎಂದರು. ಆಟೋದಲ್ಲಿ ಕರೆದುಕೊಂಡು ಹೋದೆ. ಶ್ರೀಕಂಠಯ್ಯನವರು ಏರಿಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. ಅತ್ತೆ ಕೂರಲಿಲ್ಲ. ಕನ್ನಡಕ ಏರಿಸಿಕೊಂಡು ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿದರು. ಆಮೇಲೆ ತಿರುಗಿ ತಿಟ್ಟನ್ನು ನೋಡುತ್ತಾ ನಿಂತರು. ನೀರು ಕಡಿಮೆಯಿತ್ತು, ಹುಲ್ಲು ಹಸಿರಾಗಿಯೇ ಇತ್ತು.

ಬೈಕು ನಿಂತ ಸದ್ದಾಯಿತು. ಅದೇ ನೀಲಿ ಅಂಗಿಯ ಯುವಕ.

"ಮೇಡಂ, ತಿಳ್ಕೊಂಡೇಬುಟ್ರಲ್ಲ" ಎಂದು ನಗುತ್ತಾ ಬಂದು ಬೋರ್ಡು ಓದಿದ. ಇನ್ನೊಂದು ಸಲ ಓದಿದ. "ಎಮ್ಮೆಯಾ? ಸರಿ. ಆದ್ರೆ ಯಾರ್ ಎಮ್ಮೆ ಅಂತ ಹಾಕೇ ಇಲ್ವಲ್ಲ. ಹೆಸರಿಟ್ಟೋರು ಯಾರಾದ್ರೂ ಇರ್ಬೇಕಲ್ವಾ ಮೇಡಂ?"

ನಾನು ನೀರಿನ ಕಡೆ ನೋಡಿದೆ. ಶ್ರೀಕಂಠಯ್ಯನವರು ಬೆಳ್ಳಕ್ಕಿಗಳ ಕಡೆ ನೋಡಿದರು. ಇಬ್ಬರೂ ಮಾತು ಕೊಟ್ಟಿದ್ದೆವಲ್ಲ. ಯುವಕ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕಾಯುತ್ತಿದ್ದ.

"ನಂದು" ಎಂದರು ಅತ್ತೆ.

ಅವನು ಅವರ ಕಡೆ ತಿರುಗಿದ.

"ನಂದೇ ಕಣಪ್ಪ. ನಾನೇ ಸಾಕಿದ್ದು. ಹಾಲು ಮಾರ್ತಿದ್ದೆ."

ಆ ಪದ ಅಷ್ಟು ಸಲೀಸಾಗಿ ಬಂದದ್ದು ಕೇಳಿ ನಾನು ಅತ್ತೆಯ ಕೈ ಹಿಡಿದುಕೊಂಡೆ. ಅವರಿಗೆ ನನ್ನ ಕೈಯ ಮೇಲೆ ಗಮನವಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಬೀದಿಯಲ್ಲಿ ಯಾರೋ ದೂರು ತಂದಿರುವ ಹಾಗೆ, ಮುಂದುವರಿಸಿದರು.

"ಜಯಲಕ್ಷ್ಮಿಪುರಂ ಅರ್ಧಕ್ಕೆ ಮಾರ್ತಿದ್ದೆ. ಒಂದು ದಿನಾನೂ ನೀರು ಬೆರಸ್ಲಿಲ್ಲ. ಬೇಕಾದ್ರೆ ಇವರನ್ನ ಕೇಳು."

ಶ್ರೀಕಂಠಯ್ಯನವರು ಕೈಕಟ್ಟಿಕೊಂಡು ನಿಂತಿದ್ದರು.

"ಇಲ್ಲಪ್ಪ" ಎಂದರು. "ಒಂದು ದಿನಾನೂ ಬೆರಸ್ಲಿಲ್ಲ."